ಹೆಸರು ಕೇಳಿ ಪಕ್ಷ ಹೇಳುತ್ತಿದ್ದವರು

ಯಾರದಾದರೂ ಹೆಸರು ಕಿವಿಗೆ ಬಿದ್ದರೆ ಸಾಕು, ಕಾರ್ಖಾನೆಯ ನೇಮಕಾತಿ ಗುಮಾಸ್ತರು ಎಡಗಣ್ಣು ಮುಚ್ಚಿ, ಹಾಲು ಒಡೆದಿದೆಯೋ ಇಲ್ಲವೋ ಎಂದು ಮೂಸಿ ನೋಡುವವರಂತೆ ಮೂಗನ್ನು ತುಸು ಮೇಲೆತ್ತಿ, ಆ ಮನುಷ್ಯನ ಮನೆಯವರು ಯಾವ ಪಕ್ಷದವರೆಂದು ಹೇಳಿಬಿಡುತ್ತಿದ್ದರು. ಸತ್ತ ನಾಯಕರ ಹೆಸರುಗಳು, ಉದಯ-ವಿಜಯಗಳ ಅರ್ಥ ಹೊತ್ತ ಹೆಸರುಗಳು, ಲೋಕ ಇದ್ದಲ್ಲಿಯೇ ಇರಲೆಂದು ತಾತನ ಹೆಸರನ್ನೇ ಮೊಮ್ಮಗನಿಗೂ ಇಡುವ ಮನೆಗಳ ಹೆಸರುಗಳು, ಒಂದೊಂದಕ್ಕೂ ಅವರ ಬಳಿ ಒಂದೊಂದು ಭಾಷ್ಯವಿತ್ತು. "ಹೆಸರು ಹೇಳಿ, ಹುಟ್ಟಿದ ವರ್ಷ ಹೇಳಿ. ಅವರಪ್ಪನ ಗೋಡೆ ಮೇಲೆ ಯಾರ ಪಟ ಇತ್ತು ಅಂತ ನಾನು ಹೇಳ್ತೀನಿ, ತಿಳೀತಾ?" ಎನ್ನುವರು. ಆ 'ತಿಳೀತಾ' ಅವರ ಪ್ರತಿ ಮಾತಿನ ಬಾಲ. ಕುಡಿಯಲು ನೀರು ಕೇಳುವಾಗಲೂ ಅದು ಬಿಡುತ್ತಿರಲಿಲ್ಲ.

ಬಡಕಲು ಮೈ. ಕಿರಿದಾದ ಬಾಗಿಲಲ್ಲಿ ನುಸುಳುವವರಂತೆ ಎಡಭುಜ ಮುಂದು ಮಾಡಿ ನಡೆಯುವ ನಡಿಗೆ. ಕೆಲಸಕ್ಕೆ ಸೇರಿದಾಗ ಹೊಲಿಸಿದ ಬೂದುಬಣ್ಣದ ಕೋಟು ಮೊಣಕೈಯಲ್ಲಿ ಎರಡು ಸಲ ತೇಪೆ ಕಂಡಿತ್ತು. ನೀಲಿ ಪೆನ್ಸಿಲಿನ ಮೊನೆ ತಾಗಿ ತಾಗಿ ಅದರ ಎದೆಯ ಜೇಬು ಪೆಟ್ಟು ತಿಂದ ಚರ್ಮದಂತೆ ಕಂದಿತ್ತು. ರಜೆಯ ದಿನ ತರಕಾರಿ ತರುವುದಕ್ಕೂ ಅದೇ ಕೋಟು.

ಈ ವಿದ್ಯೆ ಮೊದಲಾದದ್ದು ಕ್ಯಾಂಟೀನಿನಲ್ಲಿ, ಚಹದ ಹೊತ್ತಿನ ತಮಾಷೆಯಾಗಿ. ಹತ್ತು ಹೆಸರುಗಳಲ್ಲಿ ಎಂಟು ಸರಿಹೋಗುತ್ತಿದ್ದವು. ಎಂಟಕ್ಕೆ ಚಪ್ಪಾಳೆ ಬೀಳುತ್ತಿತ್ತು, ತಪ್ಪಿದ ಎರಡನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಚಪ್ಪಾಳೆಯಿರಲಿಲ್ಲ. ಹೆಂಡತಿ ಹೆರಿಗೆ ಆಸ್ಪತ್ರೆಯಲ್ಲಿ ದಾದಿ. "ಹೆಸರು ಹೇಗಿಡ್ತಾರೆ ಅಂತ ನಾನು ದಿನಾ ನೋಡ್ತೀನಿ ಕಣ್ರೀ. ನಿದ್ದೆಗೆಟ್ಟು ಕೂತಿರ್ತಾರೆ, ಪಕ್ಕದ ಹಾಸಿಗೆಯವಳು ಏನೋ ಅಂತಾಳೆ, ಅದನ್ನೇ ಬರೆಸಿಬಿಡ್ತಾರೆ. ಅದರಲ್ಲಿ ಪಕ್ಷ ಎಲ್ಲಿಂದ ಬಂತು?" ಎಂದು ಆಕೆ ನಗುತ್ತಿದ್ದಳು. ಅವರೂ ನಗುತ್ತಿದ್ದರು, ಅಜ್ಞಾನಿಯನ್ನು ಕ್ಷಮಿಸುವ ಪಂಡಿತನ ನಗೆ.

ಕಾರ್ಖಾನೆಯಲ್ಲಿ ನಲವತ್ತೊಂದು ದಿನದ ಮುಷ್ಕರ ನಡೆದು ಮುಗಿದ ವರ್ಷ ಹೊಸಬರ ನೇಮಕ ಬಂತು. ವ್ಯವಸ್ಥಾಪಕರು ಗುಮಾಸ್ತರನ್ನು ಒಳಗೆ ಕರೆಸಿ, ತಾವೇ ಕುರ್ಚಿ ಎಳೆದುಕೊಟ್ಟರು. ಇಪ್ಪತ್ತೆರಡು ವರ್ಷ ಆ ಕೋಣೆಯಲ್ಲಿ ನಿಂತೇ ಮಾತಾಡಿದ್ದ ಗುಮಾಸ್ತರಿಗೆ ಕೂತ ಮೇಲೆ ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ನಿಮ್ಮ ವಿದ್ಯೆ ಬಗ್ಗೆ ಕೇಳಿದ್ದೀನಿ," ಎಂದರು ವ್ಯವಸ್ಥಾಪಕರು. "ಈ ಅರ್ಜಿಗಳನ್ನ ಮನೆಗೆ ತಗೊಂಡು ಹೋಗಿ. ಗಲಾಟೆ ಮಾಡೋ ಮನೆತನದವರನ್ನ ಬೇರೆ ಇಡಿ. ಬರವಣಿಗೆ ಏನೂ ಬೇಡ."

ಒಂದು ಭಾನುವಾರದ ಮಧ್ಯಾಹ್ನ ಊಟದ ಮೇಜಿನ ಮೇಲೆಯೇ ಆ ಕೆಲಸ ಮುಗಿಯಿತು. ಮೂವತ್ತೊಂದು ಅರ್ಜಿಗಳು ಬೇರೆಯಾದವು. ಆ ಮೂವತ್ತೊಂದು ಮಂದಿಗೆ ಕಾರ್ಖಾನೆಯಿಂದ ಕಾಗದ ಹೋಗಲಿಲ್ಲ. ಗುಮಾಸ್ತರು ಯಾರ ಮೇಲೂ ಹಗೆಯಿಂದ ಹಾಗೆ ಮಾಡಲಿಲ್ಲ. ಲೆಕ್ಕ ಬಿಡಿಸಿದ ಹುಡುಗನ ಸಂತೋಷವೊಂದೇ ಅವರಿಗಿದ್ದದ್ದು.

ಎಂಟು ವರ್ಷದ ಮೇಲೆ ಮನೆಯ ಬೀಗದಕೈ ಕಳೆದು, ಅವರು ಪೇಟೆಯ ಮೆಟ್ಟಿಲಡಿಯ ಗೂಡಂಗಡಿಗೆ ಹೋದರು. ಬೀಗದಕೈ ಮಾಡುವವನು ಅರದಿಂದ ಹಲ್ಲು ತಿದ್ದುತ್ತ ಕೂತಿದ್ದ; ಪಕ್ಕದ ಅಂಗಡಿಯವರು ಅವನನ್ನು ಹೆಸರು ಹಿಡಿದು ಕೂಗಿದರು. ಬಿಡುಗಡೆ ಎಂಬ ಅರ್ಥದ ಹೆಸರು. ಗುಮಾಸ್ತರ ಎಡಗಣ್ಣು ತಾನಾಗಿಯೇ ಮುಚ್ಚಿತು.

"ನಿಮ್ಮಪ್ಪ ಹಳೇ ಚಳವಳಿಯವರು, ಅಲ್ವೇ? ಜೈಲಿಗೂ ಹೋಗಿದ್ದಿರಬೇಕು."

ಅವನು ನಕ್ಕ. "ಜೈಲೆಲ್ಲಿ ಬಂತು ಸಾರ್! ನಮ್ಮಪ್ಪ ಎರಡು ವರ್ಷ ಕ್ಷಯದ ಆಸ್ಪತ್ರೇಲಿದ್ರು. ಅವರನ್ನ ಅಲ್ಲಿಂದ ಬಿಡುಗಡೆ ಮಾಡಿದ ದಿನಾನೇ ನಾನು ಹುಟ್ಟಿದ್ದು. ಅದಕ್ಕೇ ಅಮ್ಮ ಈ ಹೆಸರಿಟ್ಟಳು. ನಮ್ಮನೇಲಿ ಓಟು ಹಾಕೋಕೆ ಹೋಗೋದೇ ಕಷ್ಟ." ಆಮೇಲೆ ಅರ ಆಡಿಸುತ್ತಲೇ ಹೇಳಿದ: ಲೇತ್ ಕೆಲಸದ ಪರೀಕ್ಷೆಯಲ್ಲಿ ತಾನೇ ಮೊದಲಿಗ, ದೊಡ್ಡ ಕಾರ್ಖಾನೆಗೆ ಅರ್ಜಿ ಹಾಕಿದ್ದ, ಜೊತೆಯವರಿಗೆಲ್ಲ ಕಾಗದ ಬಂತು, ತನಗೆ ಬರಲಿಲ್ಲ. "ಏನು ಕಮ್ಮಿ ಬಿತ್ತೋ ಗೊತ್ತಾಗಲೇ ಇಲ್ಲ."

ಗುಮಾಸ್ತರು ಬೀಗದಕೈ ತೆಗೆದುಕೊಳ್ಳದೆಯೇ ಎದ್ದು ಬಂದರು. ಹೆಂಡತಿ ಎಲ್ಲವನ್ನೂ ಕೇಳಿ, "ಹೋಗಿ ಹೇಳಿಬಿಡಿ," ಎಂದಳು, ಅಷ್ಟೇ.

ಮೊದಲು ಅವರು ಕಾರ್ಖಾನೆಯಲ್ಲಿ ವ್ಯವಸ್ಥಾಪಕರ ಕೋಣೆಗೆ ಹೋದರು, ತಪ್ಪನ್ನು ತಿದ್ದಿ ಆಮೇಲೆ ಹೇಳೋಣವೆಂದು. ಅಲ್ಲಿ ಈಗ ಹೊಸ ವ್ಯವಸ್ಥಾಪಕರಿದ್ದರು. "ಯಾವ ಅರ್ಜಿ? ಯಾರು ತೆಗೆದಿಟ್ಟದ್ದು? ಎಲ್ಲಾದರೂ ಬರೆದಿದೆಯಾ?" ಎಂದರು ಹೊಸಬರು. ಎಲ್ಲೂ ಬರೆದಿರಲಿಲ್ಲ. ಲೇತ್ ಕೆಲಸಕ್ಕೆ ಈಗ ಇಪ್ಪತ್ತೈದು ವರ್ಷ ಮೀರಿದವರನ್ನು ತೆಗೆದುಕೊಳ್ಳುತ್ತಲೂ ಇರಲಿಲ್ಲ.

ಬರಿಗೈಯಲ್ಲಿ ಮೆಟ್ಟಿಲಡಿಗೆ ಬಂದು, ನಿಂತೇ, ತಡವರಿಸುತ್ತ ಎಲ್ಲವನ್ನೂ ಹೇಳಿದರು. ಆ ದಿನ 'ತಿಳೀತಾ' ಒಮ್ಮೆಯೂ ಬಾಯಿಗೆ ಬರಲಿಲ್ಲ. ಬೈಗುಳಕ್ಕೆ, ಹೊಡೆತಕ್ಕೂ ಸಿದ್ಧರಾಗಿಯೇ ಹೋಗಿದ್ದರು. ಅವನು ಅರವನ್ನು ಕೆಳಗಿಟ್ಟು ಬೆರಳಿಗೆ ಹತ್ತಿದ ಕಬ್ಬಿಣದ ಪುಡಿ ಒರೆಸಿಕೊಂಡ.

"ಅವತ್ತೇ ಒಂದು ಮಾತು ಹೇಳಿದ್ದಿದ್ರೆ," ಎಂದ, "ಹೆಸರು ಬದಲಾಯಿಸಿಕೊಂಡು ಬರ್ತಿದ್ದೆನಲ್ಲ ಸಾರ್."

ಆಮೇಲೆ ಗುಮಾಸ್ತರು ಕ್ಯಾಂಟೀನಿನಲ್ಲಿ ಯಾರ ಹೆಸರನ್ನೂ ಬಿಡಿಸಲಿಲ್ಲ. ಹೊಸಬರು ಪೀಡಿಸಿದರೆ "ಗೊತ್ತಿಲ್ಲಪ್ಪ" ಎನ್ನುವರು. ಉಳಿದ ಮೂವತ್ತು ಮಂದಿಯನ್ನು ಹುಡುಕಲು ಹೊರಟದ್ದುಂಟು. ಹೆಸರುಗಳೆಲ್ಲ ಬಾಯಿಪಾಠವಾಗಿದ್ದವು, ವಿಳಾಸ ಒಂದೂ ನೆನಪಿರಲಿಲ್ಲ, ಮುಖವನ್ನಂತೂ ನೋಡಿಯೇ ಇರಲಿಲ್ಲ. ಇಬ್ಬರು ಸಿಕ್ಕರು. ಒಬ್ಬರು ಬಾಗಿಲು ಹಾಕಿಕೊಂಡರು. ಇನ್ನೊಬ್ಬರು ನಿಜಕ್ಕೂ ಗುಮಾಸ್ತರು ಊಹಿಸಿದ್ದ ಪಕ್ಷದವರೇ ಆಗಿದ್ದರು. ಅವರ ಮನೆಯ ಹೊಸ್ತಿಲಲ್ಲಿ ನಿಂತಾಗ, ಊಹೆ ಸರಿಯಾಗಿದ್ದಲ್ಲಿಯೂ ತಾವು ಮಾಡಿದ್ದು ಅನ್ಯಾಯವೇ ಎಂಬುದು ಗುಮಾಸ್ತರಿಗೆ ಮೊದಲ ಸಲ ಹೊಳೆಯಿತು.

ಇಂಥವರು ದುಷ್ಟರಲ್ಲ. ಎದುರಿಗೆ ಕೂರಿಸಿಕೊಂಡು ಎರಡು ಮಾತು ಕೇಳುವಷ್ಟು ತಾಳ್ಮೆ ಸಾಲದೆ, ಊಹೆಯನ್ನೇ ಅರಿವೆಂದು ನಂಬಿದ ಜಾಣರು. ಅವರ ಜಾಣ್ಮೆ ಕಾಯುವುದು ಒಬ್ಬ ಗಿರಾಕಿಗಾಗಿ, ಮತ್ತು ಆ ಗಿರಾಕಿ ಒಂದಲ್ಲ ಒಂದು ದಿನ ಬಂದೇ ಬರುತ್ತಾನೆ. ಅವರ ಪಶ್ಚಾತ್ತಾಪವೂ ಸುಳ್ಳಲ್ಲ. ಆದರೆ ಅದು ಬಾಗಿಲಿಗೆ ಬರುವ ಹೊತ್ತಿಗೆ ಒಳಗಿದ್ದವರು ಆ ನಷ್ಟದೊಡನೆಯೇ ಬಾಳುವುದನ್ನು ಕಲಿತುಬಿಟ್ಟಿರುತ್ತಾರೆ, ತಪ್ಪು ತಮ್ಮದೇ ಇದ್ದೀತೆಂದು.