ಸ್ಫೋಟ ತೆಗೆದ ಗ್ಯಾಲಕ್ಸಿ

ಕಂಪ್ಯೂಟರಿನಲ್ಲಿ ಗ್ಯಾಲಕ್ಸಿಗಳನ್ನು ಹುಟ್ಟಿಸಿ ಬೆಳೆಸುವುದು ನನ್ನ ಪಿಎಚ್‌ಡಿ ಕೆಲಸ. ಭಾನುವಾರ ಬೆಳಿಗ್ಗೆ ಡೊಂಬಿವಲಿಯ ಮನೆಯಲ್ಲಿ ಅಂಥ ಒಂದು ಗ್ಯಾಲಕ್ಸಿಯ ವಿಡಿಯೊ ನೋಡುತ್ತಿದ್ದೆ. ಅಮ್ಮ ಅಲಸಂಡೆ ಮುರಿಯುತ್ತಾ ಪಕ್ಕದಲ್ಲಿ ಬಂದು ಕೂತಳು.

"ಇದು ಎಂತಕ್ಕೆ ಇಷ್ಟು ಮಂಕು?"

ಕೆಲಸದ ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು. ತಲೆ ಎತ್ತದೆ ಹೇಳಿದೆ: "ಒಳಗೆ ನಕ್ಷತ್ರಗಳು ಸ್ಫೋಟ ಆಗ್ತವೆ. ಅನಿಲ ಎಲ್ಲ ಹೊರಗೆ ಹಾರಿಹೋಗ್ತದೆ. ಹಿಡಿದಿಡುವ ಬಲ ಕಡಿಮೆಯಾಗಿ ಉಳಿದ ನಕ್ಷತ್ರಗಳು ದೂರ ದೂರ ಹೋಗ್ತವೆ."

ಅಲಸಂಡೆ ಮುರಿಯುವ ಸದ್ದು ನಿಂತಿತು. ಏನು ಹೇಳಿಬಿಟ್ಟೆ ಎಂದು ಆಗ ಹೊಳೆಯಿತು. ಎರಡು ವರ್ಷದ ಹಿಂದೆ ಕೆಮಿಕಲ್ ಕಾರ್ಖಾನೆಯ ಸ್ಫೋಟದಲ್ಲಿ ಅಪ್ಪ ಹೋದರು. ಆಮೇಲೆ ಅಣ್ಣ ಬೇಲಾಪುರದಲ್ಲಿ ಮನೆ ಮಾಡಿದ, ನಾನು ಹಾಸ್ಟೆಲ್ ಸೇರಿದೆ. ಮೂವರೂ ಒಟ್ಟಿಗೆ ಕೂತು ಉಂಡು ವರ್ಷವಾಗಿದೆ.

"ಆ ಸ್ಫೋಟ ಒಂದು ತೆಗೆದು ನೋಡ್ಲಿಕ್ಕೆ ಆಗುದಿಲ್ವಾ?"

ಆಗುತ್ತದೆ. ಅದನ್ನೂ ಮಾಡಿಟ್ಟಿದ್ದೆ, ಹಾಕಿದೆ. ಅದೇ ಗ್ಯಾಲಕ್ಸಿ, ಅದೇ ಆರಂಭ. ಆದರೆ ನಕ್ಷತ್ರಗಳು ಕೊನೆಯವರೆಗೂ ಒತ್ತೊತ್ತಾಗಿ ಒಂದೇ ಕಡೆ ಹೊಳೆಯುತ್ತಿದ್ದವು.

"ಇದು ಪ್ರಯೋಜನ ಇಲ್ಲ ಅಮ್ಮ," ಎಂದೆ. "ಆಕಾಶದಲ್ಲಿ ನಿಜವಾಗಿ ಇರುವ ಮಂಕು ಗ್ಯಾಲಕ್ಸಿಗಳು ಹೀಗಿಲ್ಲ. ಡಿಸ್ಕಿನಲ್ಲಿ ಜಾಗವೂ ಇಲ್ಲ, ಅಳಿಸ್ಬೇಕು."

ಅಮ್ಮ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಾಗಿದಳು.

"ಅಳಿಸು ಮಗಾ," ಎಂದಳು. "ಅದಕ್ಕೆ ಮೊದಲು ಇನ್ನೊಂದು ಸಲ ಹಾಕು."