ಜೋಪಾನವಾಗಿಟ್ಟ ಪಾಸ್‌ಪೋರ್ಟ್

ಕಾನೂನು ಅರ್ಧಂಬರ್ಧ ತಿಳಿದವರು ಮತ್ತೊಬ್ಬರ ಮನೆಯ ಸಂಗತಿ ಹೇಳಲು ಹೊರಟರೆ ತಪ್ಪಾಗುವುದೇ ಹೆಚ್ಚು, ಓದುವವರು ಮನ್ನಿಸಬೇಕು.

ಕುಂದಾಪುರದ ಹತ್ತಿರದ ಬೀಜಾಡಿಯ ಜಲಜಳ ಮಗ ರತೀಶ ದುಬೈಯ ಹೋಟೆಲಿನಲ್ಲಿ ಕೆಲಸಕ್ಕಿದ್ದವನು, ಅಲ್ಲೇ ಫಿಲಿಪ್ಪೀನ್ಸಿನ ಮಾರಿಸೆಲ್‌ಳನ್ನು ಮದುವೆಯಾದ. ಹೆಂಡತಿ ನಮ್ಮ ಊರು, ಮಾತು ಕಲಿಯಲಿ ಎಂದು ತಾಯಿಯ ಹತ್ತಿರ ಬಿಟ್ಟು, ರಜೆ ಮುಗಿಸಿ ಹೊರಟುಹೋದ.

ಆವತ್ತೇ ಜಲಜ ಸೊಸೆಯ ಮುಂದೆ ಕೈ ಚಾಚಿದಳು. "ಕೊಡ್ ಮಗಾ, ಪಾಸ್‌ಪೋರ್ಟ್ ನಾ ಜೋಪಾನ ಮಾಡ್ತೆ."

ತಾನು ಮದುವೆಯಾಗಿ ಬಂದಾಗ ಅತ್ತೆ ಹೀಗೆಯೇ ಬಂಗಾರ ತೆಗೆದಿಟ್ಟಿದ್ದರು. ಹಾಗೆ ತೆಗೆದಿಟ್ಟರೇನೇ ಹುಡುಗಿ ಈ ಮನೆಯವಳಾದಳು ಎಂದು ಅರ್ಥ. ಪಾಸ್‌ಪೋರ್ಟನ್ನು ಕಪಾಟಿನಲ್ಲಿ ಬಂಗಾರದ ಪಕ್ಕ ಇಟ್ಟು, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಎಂತ ಜಲಜಕ್ಕ, ಸೊಸಿ ಓಡಿ ಹೋತ್ಲ್ ಅಂದೇಳಿ ಹೆದ್ರಿಕಿಯಾ?" ಎಂದು ನೆರೆಮನೆಯ ಚಂದ್ರಮತಿ ನಕ್ಕಳು.

"ನನ್ ಸೊಸಿ ನಿನ್ ಸೊಸಿ ಹಾಂಗಲ್ಲ ಮಾರಾಯ್ತಿ, ಬಂಗಾರ," ಎಂದು ಜಲಜಳೂ ನಕ್ಕಳು.

ಹೀಗೆ ಇರಲು ಬಂದ ಹೊರದೇಶದವರು ಇಂತಿಷ್ಟು ದಿನದೊಳಗೆ ಉಡುಪಿಯ ಪೊಲೀಸ್ ಕಚೇರಿಯಲ್ಲಿ ಹೆಸರು ದಾಖಲಿಸಬೇಕಂತೆ. ಮಾರಿಸೆಲ್ ಮೊಬೈಲಿನಲ್ಲಿ ಕನ್ನಡ ಬರೆಸಿ ಪಾಸ್‌ಪೋರ್ಟ್ ಕೇಳಿದಳು. ಅವಳೊಬ್ಬಳೇ ಉಡುಪಿಯ ಬಸ್ಸು ಹತ್ತುವುದು ಜಲಜಳಿಗೆ ಇಷ್ಟವಿಲ್ಲ.

"ರತೀಶ ಬರ್ಲಿ, ಒಟ್ಟಿಗ್ ಹೋಪ. ಈಗ ಗಂಜಿ ಉಣ್."

ಮತ್ತೆ ಕೇಳಿದಾಗಲೂ ಅದೇ ಮಾತು. ಸೊಸೆ ಗಂಜಿ ಮುಟ್ಟಲಿಲ್ಲ.

ಮರುದಿನ ಕುಂದಾಪುರದ ಠಾಣೆಯಿಂದ ಫೋನು ಬಂತು. ಮಾರಿಸೆಲ್ ಅಲ್ಲಿ ಹೋಗಿ ಕೂತಿದ್ದಳು. ಜಲಜ ಪಾಸ್‌ಪೋರ್ಟ್ ಹಿಡಿದುಕೊಂಡು, ಗಂಟುನೋವನ್ನೂ ಮರೆತು ಓಡಿದಳು.

"ಹೆಸ್ರ್ ಬರ್ಸುದ್ ಅವ್ಳ್ ಜವಾಬ್ದಾರಿ ಅಮ್ಮಾ, ಪಾಸ್‌ಪೋರ್ಟ್ ಇಟ್ಕಂಬುದ್ ಅವ್ಳ್ ಹಕ್ಕ್," ಎಂದಳು ಮಹಿಳಾ ಪೇದೆ. "ಗಂಡ ಆಯ್ಲಿ, ಅತ್ತಿ ಆಯ್ಲಿ, ತೆಗ್ದಿಡುಕಾಗ."

"ನಾ ಕದ್ದದ್ದಲ್ಲ. ಬಂಗಾರದ್ ಒಟ್ಟಿಗ್ ಇಟ್ಟಿದ್ದೆ."

ಪೇದೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಮಾರಿಸೆಲ್ ಪಾಸ್‌ಪೋರ್ಟ್ ತೆಗೆದುಕೊಂಡು ತನ್ನ ಚೀಲದೊಳಗಿಟ್ಟಳು.

ಸಂಜೆ ರತೀಶ ಫೋನಿನಲ್ಲಿ ಹೇಳಿದ ಮೇಲೆಯೇ ಜಲಜಳಿಗೆ ತಿಳಿದದ್ದು: ಮಾರಿಸೆಲ್ ದುಬೈಯಲ್ಲಿ ಮೊದಲು ಕೆಲಸಕ್ಕಿದ್ದ ಮನೆಯೊಡತಿಯೂ ಜೋಪಾನ ಮಾಡುತ್ತೇನೆಂದೇ ಪಾಸ್‌ಪೋರ್ಟ್ ತೆಗೆದಿಟ್ಟಿದ್ದಳಂತೆ. ಮಾರಿಸೆಲ್‌ಳ ತಾಯಿ ಸತ್ತಾಗಲೂ ಅವಳನ್ನು ಊರಿಗೆ ಬಿಡಲಿಲ್ಲವಂತೆ.

"ಮುಂಚಿಯೇ ಹೇಳುಕ್ ಎಂತ ಆಯ್ತ್ ನಿಂಗೆ?"

"ನೀ ಕೇಣ್ಲೇ ಇಲ್ಲ ಅಮ್ಮ."

ಹೆಸರೇನೋ ದಾಖಲಾಯಿತು. ಆದರೂ ಮಾರಿಸೆಲ್ ಗಂಡನಿದ್ದಲ್ಲಿಗೆ ಹೊರಟಳು. ತಿರುಗಿ ಬರುವ ಮಾತನ್ನು ಅವಳೂ ಆಡಲಿಲ್ಲ, ಕೇಳುವ ಧೈರ್ಯ ಜಲಜಳಿಗೂ ಆಗಲಿಲ್ಲ.

ಆವತ್ತು ಠಾಣೆಯ ಮೆಟ್ಟಿಲು ಇಳಿಯುವಾಗ ಮಾರಿಸೆಲ್ ಅತ್ತೆಯ ಕೈ ಹಿಡಿದಿದ್ದಳು. ಮನ್ನಿಸಿ ಹಿಡಿದಳೋ, ಗಂಟುನೋವಿನ ಮುದುಕಿ ಬೀಳಬಾರದೆಂದು ಹಿಡಿದಳೋ, ಜಲಜಳಿಗೆ ಇಂದಿಗೂ ಗೊತ್ತಿಲ್ಲ.