ಜೊಳ್ಳು ಏಲಕ್ಕಿಯ ಹಾರ

ಹಾವೇರಿಯಲ್ಲಿ ಏಲಕ್ಕಿ ಹಾರ ಮಾಡುವ ಇಸಾಕಸಾಬರು ಬೆಳಗಿನ ಚಹಾ ಮುಗಿಸುವಷ್ಟರಲ್ಲಿ ರಾಣೆಬೆನ್ನೂರಿನಿಂದ ಫೋನು ಬಂತು. ಸನ್ಮಾನಕ್ಕೆ ದೊಡ್ಡದೊಂದು ಹಾರ ಬೇಕು, ರವಿವಾರಕ್ಕೆ ತಯಾರಿರಬೇಕು. ಸನ್ಮಾನ ಯಾರಿಗೆ ಎಂದು ಮುದುಕರು ಕೇಳಿದರು. ಕುಪ್ಪೇಲೂರಿನ ಸುಚಿತ್ರಾಳಿಗೆ ಎಂಬ ಉತ್ತರ ಫೋನಿನಿಂದ ಹೊರಬಿದ್ದು, ಮೂಲೆಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದ ಮಹೇಶ್ವರಿಯ ಕಿವಿಗೂ ಬಿತ್ತು. ದಾರ ಸೂಜಿಯ ಕಣ್ಣು ತಪ್ಪಿತು.

"ನಿನ್ನ ಗೆಳತಿ ಅಲ್ಲೇನವಾ? ಹಂಗಾರ ಈ ಹಾರ ನೀನ ಮಾಡು" ಎಂದರು ಇಸಾಕಸಾಬರು. ದೊಡ್ಡ ಉಪಕಾರ ಮಾಡಿದ ಸಂತೋಷ ಅವರ ಮುಖದಲ್ಲಿ.

ಮಹೇಶ್ವರಿ ಹೂಂ ಎಂದಳು. ಒಲ್ಲೆ ಎನ್ನಲು ಏನಾದರೂ ಕಾರಣ ಕೊಡಬೇಕಲ್ಲ. ಹೊಟ್ಟೆಕಿಚ್ಚು ಎಂಬ ಕಾರಣವನ್ನು ಮಾಲಕರ ಮುಂದೆ ಯಾರಾದರೂ ಹೇಳುತ್ತಾರೆಯೇ?

ಸುಚಿತ್ರಾ ಬೇಸ್‌ಬಾಲ್ ಆಡುವವಳು. ಆ ಆಟದಲ್ಲಿ ಚೆಂಡು ಎಸೆಯುವವರಿಗೆ ಪಿಚರ್ ಎನ್ನುತ್ತಾರೆ. ಈ ವರ್ಷ ರಾಜ್ಯ ತಂಡದ ಪಿಚರ್ ಆಗಿ ಹೋದವಳು ದೇಶದ ಪಂದ್ಯಾವಳಿಯಲ್ಲಿ ಶ್ರೇಷ್ಠ ಪಿಚರ್ ಪ್ರಶಸ್ತಿ ಹೊಡೆದುಕೊಂಡೇ ಬಂದಿದ್ದಳು. ಎದುರಾಳಿಗಳು ಗಾಳಿಗೆ ಬ್ಯಾಟು ಬೀಸಿ ಪೆಚ್ಚುಮೋರೆ ಹಾಕಿಕೊಂಡು ಮರಳುವ ವೀಡಿಯೊ ಜಿಲ್ಲೆಯ ಮೊಬೈಲುಗಳಲ್ಲೆಲ್ಲ ಓಡಾಡುತ್ತಿತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುವ ಮಹೇಶ್ವರಿಯ ಅವ್ವ ಉಡಚವ್ವನಿಗೂ ಯಾರೋ ಅದನ್ನು ತೋರಿಸಿದ್ದರು. ಮನೆಗೆ ಬಂದವಳೇ, ಹಡೆದರೆ ಅಂಥ ಮಗಳನ್ನು ಹಡೆಯಬೇಕು ಎಂದು ಹಡೆದ ಮಗಳ ಎದುರೇ ಹೇಳಿದಳು. ಮಹೇಶ್ವರಿ ಅಂದು ಊಟ ಬಿಟ್ಟು ಎದ್ದಳು.

ಯಾಕೆಂದರೆ ರಾಣೆಬೆನ್ನೂರಿನ ಕಾಲೇಜಿನಲ್ಲಿ ಮೊದಲು ಚೆಂಡು ಎಸೆಯುತ್ತಿದ್ದವಳು ಮಹೇಶ್ವರಿ. ಆಟ ಕಲಿಸುತ್ತಿದ್ದ ಪ್ರಭುಲಿಂಗಪ್ಪ ಮಾಸ್ತರರು ನಮ್ಮ ಪಿಚರ್ ಎಂದು ಊರಿಗೆಲ್ಲ ತೋರಿಸುತ್ತಿದ್ದುದು ಅವಳನ್ನೇ. ಒಂದು ದಿನ ಕುಪ್ಪೇಲೂರಿನ ಬಸ್ಸಿಳಿದು ಬಂದ ಒಬ್ಬ ಕಡ್ಡಿಯಂಥ ಹುಡುಗಿ, ನಾನೂ ಒಗೆಯಲೇ ಎಂದು ಕೇಳಿದಳು. ಅವಳು ಒಗೆದ ಚೆಂಡು ಹಿಡಿಯಲು ಹೋದ ಹುಡುಗಿಯರೆಲ್ಲ ಕೈ ಕೊಡವುತ್ತ ಕುಳಿತರು. ಇದೇನು ಮಹಾ ಎಂದು ಮಹೇಶ್ವರಿ ಗವಸು ಹಾಕಿಕೊಂಡು ಮುಂದೆ ಹೋಗಿ ಹಿಡಿದಳು. ಹಿಡಿದದ್ದೇ ತಪ್ಪಾಯಿತು. ಇವಳ ಚೆಂಡು ಹಿಡಿಯಲು ನೀನೇ ಸರಿ ಎಂದು ಮಾಸ್ತರರು ಅವಳನ್ನು ಬ್ಯಾಟಿನವರ ಹಿಂದೆ ಕುಕ್ಕರಗಾಲಿನಲ್ಲಿ ಕೂರಿಸಿಬಿಟ್ಟರು. ಅಂದಿನಿಂದ ಸುಚಿತ್ರಾ ಎಸೆಯುವವಳು, ಮಹೇಶ್ವರಿ ಹಿಡಿಯುವವಳು. ಎಸೆಯುವವಳ ಮುಖ ಎಲ್ಲರಿಗೂ ಕಾಣುತ್ತದೆ. ಹಿಡಿಯುವವಳ ಮುಖದ ಮೇಲೆ ಕಬ್ಬಿಣದ ಜಾಳಿಗೆ ಇರುತ್ತದೆ.

ಅದನ್ನೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ವಿಶ್ವವಿದ್ಯಾಲಯದ ಫೈನಲ್ಲಿನ ಕೊನೆಯ ಚೆಂಡನ್ನು ನುಂಗುವುದು ಸಾಧ್ಯವಾಗಲಿಲ್ಲ. ಯಾವ ಚೆಂಡು ಎಸೆಯಬೇಕೆಂದು ಹಿಂದಿನವಳು ಬೆರಳು ತೋರಿಸಿ ಹೇಳುವುದು ಆಟದ ಪದ್ಧತಿ. ಮಹೇಶ್ವರಿ ನೇರ ಚೆಂಡು ಕೇಳಿದ್ದಳು. ಸುಚಿತ್ರಾ ಗಾಬರಿಯಲ್ಲಿ ಬೇರೇನನ್ನೋ ಎಸೆದಳು. ಬ್ಯಾಟಿನವಳು ಬೀಸಿ ತಪ್ಪಿದಳು, ಖರೆ. ಆದರೆ ಚೆಂಡು ನೆಲಕ್ಕೆ ಬಡಿದು ಎತ್ತಲೋ ಚಿಮ್ಮಿತು. ಅದು ಹಿಂದೆ ಹೋಗಿದ್ದರೆ ಮೈದಾನದಲ್ಲಿ ಓಟಕ್ಕೆ ಕಾದು ನಿಂತಿದ್ದ ಎದುರಿನವರು ಓಡಿ ಬಂದು ಪಂದ್ಯ ಗೆಲ್ಲುತ್ತಿದ್ದರು. ಮಹೇಶ್ವರಿ ಅದರ ಮೇಲೆ ಮೈ ಚೆಲ್ಲಿ ಬಿದ್ದು ತಡೆದಳು. ಬಲಗೈಯ ಕಿರುಬೆರಳು ಸೊಟ್ಟಗಾದದ್ದು ಆಗಲೇ. ಮರುದಿನ ಪತ್ರಿಕೆಯಲ್ಲಿ ಎರಡೂ ಕೈ ಎತ್ತಿದ ಸುಚಿತ್ರಾಳ ಫೋಟೊ ಬಂತು. ಅದರ ಮೂಲೆಯಲ್ಲಿ ಮಣ್ಣಾದ ಒಂದು ಮೊಣಕೈ ಇತ್ತು. ಅದು ತನ್ನದೆಂದು ಮಹೇಶ್ವರಿ ಯಾರಿಗೂ ತೋರಿಸಲಿಲ್ಲ. ಅದೇ ಪಂದ್ಯ ನೋಡಿ ರಾಜ್ಯ ತಂಡದವರು ಸುಚಿತ್ರಾಳನ್ನು ಕರೆದರು. ಹಿಡಿಯುವವರು ಅವರಲ್ಲಿ ಮೊದಲೇ ಇದ್ದರಂತೆ.

ಈಗ ಆ ಸೊಟ್ಟ ಬೆರಳಿನಿಂದಲೇ ಅವಳಿಗೆ ಹಾರ ಪೋಣಿಸಬೇಕು. ಮಹೇಶ್ವರಿಯ ಮುಂದೆ ಎರಡು ಬುಟ್ಟಿಗಳಿದ್ದವು. ಒಂದರಲ್ಲಿ ಆರಿಸಿ ಬಿಳಿ ಮಾಡಿ ಒಣಗಿಸಿದ, ಕಾಳು ತುಂಬಿದ ಏಲಕ್ಕಿ. ಇನ್ನೊಂದರಲ್ಲಿ ಜೊಳ್ಳು: ಒಳಗೆ ಕಾಳಿಲ್ಲದ, ವಾಸನೆ ಹೋದ ಹಳೆಯ ಕಾಯಿ. ಅಂಗಡಿಯ ಗಾಜಿನ ಕಪಾಟಿನಲ್ಲಿ ತೋರಿಕೆಗೆ ತೂಗಿಬಿಡುವ ಹಾರಕ್ಕೆ ಮಾತ್ರ ಅದನ್ನು ಬಳಸುತ್ತಿದ್ದರು. ಕಣ್ಣಿಗೆ ಎರಡೂ ಒಂದೇ. ವ್ಯತ್ಯಾಸ ಗೊತ್ತಾಗುವುದು ಮೂಗಿಗೆ. ಹಾವೇರಿಯ ಹಾರವೆಂದರೆ ಕೊರಳಿಗೆ ಬೀಳುವ ಮೊದಲೇ ವಾಸನೆ ಬರಬೇಕು ಎಂದು ಇಸಾಕಸಾಬರು ಬಂದವರಿಗೆಲ್ಲ ಹೇಳುತ್ತಿದ್ದರು. ಅವರ ಹೆಸರು ನಿಂತದ್ದು ಅದರ ಮೇಲೆಯೇ.

ಮಧ್ಯಾಹ್ನ ಮುದುಕರು ನಮಾಜಿಗೆ ಹೋದರು. ಮಹೇಶ್ವರಿಯ ಕೈ ಎರಡನೆಯ ಬುಟ್ಟಿಗೆ ಹೋಯಿತು. ಎಲ್ಲ ಸಿಕ್ಕಿದೆ ಅವಳಿಗೆ, ಪರಿಮಳ ಒಂದಾದರೂ ಸಿಗದಿರಲಿ ಎಂದುಕೊಂಡಳು. ಜರಿ ಸುತ್ತಿ, ಕೆಂಪು ಗೊಂಡೆ ಕಟ್ಟಿ, ಅಷ್ಟು ಚೆಂದದ ಹಾರವನ್ನು ಅವಳು ಎಂದೂ ಮಾಡಿರಲಿಲ್ಲ. ಮರಳಿ ಬಂದ ಇಸಾಕಸಾಬರು ದೂರದಿಂದಲೇ ನೋಡಿ ಶಹಬ್ಬಾಸ್ ಎಂದರು. ಅಂಗಡಿಯ ತುಂಬ ಏಲಕ್ಕಿಯದೇ ವಾಸನೆ ಇರುವಾಗ ಒಂದು ಹಾರಕ್ಕೆ ವಾಸನೆಯಿಲ್ಲವೆಂದು ತಿಳಿಯುವ ಬಗೆ ಹೇಗೆ?

ರವಿವಾರ ಇಬ್ಬರೂ ರಾಣೆಬೆನ್ನೂರಿನ ಬಸ್ಸು ಹತ್ತಿದರು. ಕಾಲೇಜಿನ ಸಭಾಂಗಣ ತುಂಬಿತ್ತು. ಪ್ರಭುಲಿಂಗಪ್ಪ ಮಾಸ್ತರರು ಮಾತನಾಡಿ, ಮೊದಲ ದಿನವೇ ಈ ಹುಡುಗಿಯನ್ನು ಗುರುತಿಸಿದ್ದೆ ಎಂದರು. ಮಹೇಶ್ವರಿಯ ಹೆಸರು ಅವರ ಭಾಷಣದಲ್ಲಿ ಬರಲೇ ಇಲ್ಲ. ತಾನು ಮಾಡಿದ್ದು ಸರಿಯೆಂದು ಅವಳಿಗೆ ಆಗ ಅನ್ನಿಸಿತು.

ಅಧ್ಯಕ್ಷತೆ ವಹಿಸಿದ್ದ ವ್ಯಾಪಾರಿ ಚಂದ್ರಪ್ಪನವರು ಹಾರ ಹಾಕಿದರು. ಚಪ್ಪಾಳೆ ಬಿತ್ತು. ಸುಚಿತ್ರಾ ತಲೆ ಬಾಗಿಸಿದವಳು ಒಂದು ಕ್ಷಣ ಹಾಗೆಯೇ ನಿಂತಳು. ಮೂಗು ಹಾರದ ಹತ್ತಿರವೇ ಇತ್ತು. ಹಾವೇರಿಯಲ್ಲಿ ಗೆಳತಿ ಯಾರ ಕೈಕೆಳಗೆ ಹಾರ ಪೋಣಿಸುತ್ತಾಳೆಂದು ಅವಳಿಗೆ ಗೊತ್ತಿತ್ತು. ತಲೆ ಎತ್ತಿದಾಗ ಅವಳ ಕಣ್ಣು ಸಭೆಯಲ್ಲಿ ಹುಡುಕಾಡಿ ಮಹೇಶ್ವರಿಯ ಮೇಲೆ ಬಂದು ನಿಂತಿತು. ಎದುರು ಬ್ಯಾಟಿನವರಿದ್ದಾಗ, ಬೆರಳಿನ ಸನ್ನೆಗೆ ಕಾಯುತ್ತ ಅವಳು ಹಾಗೆಯೇ ನೋಡುತ್ತಿದ್ದಳು.

ಆಗಲೇ ಚಂದ್ರಪ್ಪನವರು ಮೈಕಿನಲ್ಲಿ, ನಮ್ಮ ಹಾವೇರಿ ಹಾರದ ಘಮ ಸಭೆಗೂ ಸಿಗಲಿ, ಮುಂದಿನ ಸಾಲಿನವರಿಂದ ಶುರುಮಾಡಿ ಎಲ್ಲರೂ ಮೂಸಿ ನೋಡಲಿ ಎಂದರು. ಹಾರಕ್ಕಾಗಿ ಕೈಯನ್ನೂ ಚಾಚಿದರು. ಮುಂದಿನ ಸಾಲಿನಲ್ಲೇ ಕುಳಿತಿದ್ದ ಇಸಾಕಸಾಬರು ಟೋಪಿ ಸರಿಪಡಿಸಿಕೊಂಡರು. ಸುಚಿತ್ರಾಳ ಮರ್ಯಾದೆ ಕಳೆಯಲು ಹೋಗಿ, ಅನ್ನ ಹಾಕಿದ ಮುದುಕರ ಮುಖಕ್ಕೆ ಮಸಿ ಬಳಿದೆನಲ್ಲ ಎಂದು ಮಹೇಶ್ವರಿಗೆ ಹೊಳೆದದ್ದು ಈಗ. ಕೆಲಸ ಹೋಗುವುದಂತೂ ಖಂಡಿತ.

ಸುಚಿತ್ರಾ ಹಾರವನ್ನು ಕೊರಳಿನಿಂದ ತೆಗೆದಳು. ಚಂದ್ರಪ್ಪನವರ ಕೈಗೆ ಕೊಡಲಿಲ್ಲ.

"ತಪ್ಪು ತಿಳಕೋಬ್ಯಾಡ್ರಿ ಸರ. ಈ ಹಾರ ಮೊದಲ ಒಬ್ಬಾಕಿಗೆ ಸಲ್ಲಬೇಕು" ಎಂದು ವೇದಿಕೆ ಇಳಿದು ನೇರವಾಗಿ ಬಂದಳು. ತನ್ನ ಚೆಂಡು ಹಿಡಿದವಳು ಇವಳು ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಹಾರವನ್ನು ಮಹೇಶ್ವರಿಯ ಕೊರಳಿಗೆ ಹಾಕಿದಳು. ಹಾಕಿ ಗಟ್ಟಿಯಾಗಿ ತಬ್ಬಿಕೊಂಡಳು, ಪಕ್ಕದವರ ಮೂಗು ಹತ್ತಿರ ಬರದಷ್ಟು ಗಟ್ಟಿಯಾಗಿ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಹಾರದ ಮಾತು ಚಂದ್ರಪ್ಪನವರಿಗೂ ಮರೆತುಹೋಯಿತು. ಇಸಾಕಸಾಬರು ಕಣ್ಣೊರೆಸಿಕೊಂಡರು.

ಆ ಗದ್ದಲದಲ್ಲಿ ಸುಚಿತ್ರಾ ಕಿವಿಯ ಹತ್ತಿರ ಹೇಳಿದಳು: "ಅವತ್ತ ನನ್ನ ಕೆಟ್ಟ ಬಾಲ್ ನೀ ಹಿಡದಿದ್ದಿ. ಇವತ್ತ ನಿಂದು ನಾ ಹಿಡದೇನಿ."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಾದರೂ ಇದ್ದಿದ್ದರೆ ಮಹೇಶ್ವರಿಗೆ ಎಷ್ಟೋ ಹಗುರಾಗುತ್ತಿತ್ತು. ಎಸೆಯುವುದು ಅವಳದಾದರೂ ಹಿಡಿಯುವುದು ತನ್ನದು ಎಂದು ಇಷ್ಟು ದಿನ ಒಂದೇ ಒಂದು ಹೆಮ್ಮೆ ಇಟ್ಟುಕೊಂಡಿದ್ದಳು. ಅದರಲ್ಲೂ ಸುಚಿತ್ರಾಳೇ ಮೇಲಾದಳು. ಕಾಲಿಗೆ ಬೀಳಬೇಕು ಅನ್ನಿಸಿತು, ಹೊಟ್ಟೆಯೂ ಮೊದಲಿಗಿಂತ ಹೆಚ್ಚು ಉರಿಯಿತು. ಫೋಟೊದವನು ಬಂದು ನಗಲು ಹೇಳಿದ. ಮಹೇಶ್ವರಿ ನಕ್ಕಳು.

ಮರುದಿನ ಪತ್ರಿಕೆಯಲ್ಲಿ ಅವಳ ಮುಖ ಪೂರ್ತಿ ಬಂದಿತ್ತು. ಬ್ಯಾಡಗಿಯ ಮನೆಯಲ್ಲಿ ಉಡಚವ್ವ ಆ ಫೋಟೊವನ್ನು ಓಣಿಗೆಲ್ಲ ತೋರಿಸಿ ಬಂದು, ಹಾರವನ್ನು ದೇವರ ಗೂಡಿನ ಪಕ್ಕದ ಮೊಳೆಗೆ ತೂಗಿದಳು. ಆಮೇಲೆ ಅದಕ್ಕೆ ಮೂಗು ಹಚ್ಚಿ ಬಹಳ ಹೊತ್ತು ನಿಂತಳು.

"ಯಾಕವಾ ಮಹೇಶ್ವರಿ, ಇದರ ವಾಸನೀನ ಬರವಲ್ದಲ್ಲ?"

ಮೆಣಸಿನಕಾಯಿ ಘಾಟಿಗೆ ನಿನ್ನ ಮೂಗು ಕೆಟ್ಟಿದೆ ಎಂದು ಹೇಳಿ ಮಹೇಶ್ವರಿ ಹಾವೇರಿಯ ಬಸ್ಸಿಗೆ ಹೊರಟಳು.